3/16 ಇಂಚಿನ ಏರ್-ಹೈಡ್ರಾಲಿಕ್ ರಿವೆಟ್ ಗನ್: ಬಿಚ್ಚಿ ನೋಡಿ ಹೇಳುವ ಮಾತು

ಬಸ್ ಬಾಡಿ, ಎಸಿ ಡಕ್ಟ್, ಎಲೆಕ್ಟ್ರಿಕಲ್ ಪ್ಯಾನೆಲ್ ಕೆಲಸದ ಶೆಡ್‌ಗಳಲ್ಲಿ ಕಾಣುವ ಗನ್ ಇದು. ಪಿಸ್ತೂಲಿನ ಆಕಾರ, ಬುಡದಲ್ಲಿ ಡಬ್ಬಿಯಂಥ ಏರ್ ಸಿಲಿಂಡರ್, ಹಿಂದೆ ತುಂಡಾದ ಮೊಳೆ (ರಿವೆಟ್ಟಿನ ನಡುವೆ ಇರುವ, ಗನ್ ಎಳೆದು ಮುರಿಯುವ ಕಡ್ಡಿ) ಬೀಳುವ ಬಾಟ್ಲಿ. ದಿನಕ್ಕೆ ನೂರಾರು 4.8 ಮಿ.ಮೀ. ರಿವೆಟ್ ಹೊಡೆಯುವವರ ಮಣಿಕಟ್ಟು ಉಳಿಯಬೇಕಾದರೆ ಇದು ಬೇಕೇ ಬೇಕು. ಆದರೂ ಕೊಂಡ ಕೆಲವೇ ತಿಂಗಳಲ್ಲಿ ‘ಎಳೆತ ಹೋಯ್ತು’ ಎಂದು ಮೂಲೆ ಸೇರುವ ಗನ್‌ಗಳು ಬಹಳ. ಎರಡು ಚಮಚ ಎಣ್ಣೆ, ಒಂದು ಸೆಟ್ ಜಾ (ಮೊಳೆಯನ್ನು ಕಚ್ಚಿ ಎಳೆಯುವ ಹಲ್ಲಿನ ತುಂಡುಗಳು) ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಮತ್ತೆ ಎದ್ದು ಕೂರುತ್ತವೆ.

ಟ್ರಿಗರ್ ಒತ್ತಿದಾಗ ಗಾಳಿ ಬುಡದ ಅಗಲ ಪಿಸ್ಟನ್ನನ್ನು ಮೇಲಕ್ಕೆ ತಳ್ಳುತ್ತದೆ, ಅದರ ತೆಳು ರಾಡ್ ಹಿಡಿಕೆಯೊಳಗಿನ ಎಣ್ಣೆಗೆ ನುಗ್ಗುತ್ತದೆ. ಪಿಸ್ಟನ್ 60 ಮಿ.ಮೀ., ರಾಡ್ 12 ಮಿ.ಮೀ. ಎಂದುಕೊಳ್ಳಿ: ಒತ್ತಡ 25 ಪಟ್ಟು, 6 ಬಾರ್ ಗಾಳಿಗೆ 150 ಬಾರ್ ಎಣ್ಣೆ. ರಾಡ್ 60 ಮಿ.ಮೀ. ಮೇಲೇರಿದರೆ ಸರಿಯುವ ಎಣ್ಣೆ ಏಳು ಮಿ.ಲೀ. ಕೂಡ ಆಗುವುದಿಲ್ಲ. ಅದರಲ್ಲಿ ಒಂದು ಮಿ.ಲೀ. ಸೋರಿದರೆ, ಇಲ್ಲವೇ ಅಷ್ಟೇ ಗಾಳಿಗುಳ್ಳೆ ಸೇರಿಕೊಂಡರೆ, ಸ್ಟ್ರೋಕಿನ, ಅಂದರೆ ಜಾ ಹಿಂದಕ್ಕೆ ಸರಿಯುವ ದೂರದ, ಏಳನೇ ಒಂದು ಪಾಲು ಹೋದಂತೆ. ಒಂದೇ ಎಳೆತಕ್ಕೆ ಮುರಿಯುತ್ತಿದ್ದ ಮೊಳೆಗೆ ಎರಡು ಸಲ ಟ್ರಿಗರ್ ಬೇಕಾಗುತ್ತಿದೆಯೇ? ಗಾಳಿಯ ಒತ್ತಡ ಸರಿಯಿದ್ದರೆ ಮೊದಲು ಎಣ್ಣೆ ನೋಡಿ.

ಎಣ್ಣೆ ಹಾಕುವ ಮೊದಲು ಏರ್ ಪೈಪ್ ಕಳಚಿ. ಪೈಪ್ ಇದ್ದಾಗಲೇ ಸ್ಕ್ರೂ ಬಿಚ್ಚಿ ಟ್ರಿಗರ್ ತಗುಲಿದರೆ ಎಣ್ಣೆ ನೇರ ಕಣ್ಣಿಗೇ ಚಿಮ್ಮುತ್ತದೆ. ಗನ್ ನೆಟ್ಟಗೆ ನಿಲ್ಲಿಸಿ, ತಲೆಯ ಬದಿಯ ಅಲೆನ್ ಸ್ಕ್ರೂ ಬಿಚ್ಚಿ. ಅದರ ಪುಟ್ಟ ವಾಷರ್ ಎಣ್ಣೆಯಲ್ಲಿ ಅಂಟಿಕೊಂಡು ಬಂದು ಎಲ್ಲೋ ಬೀಳುತ್ತದೆ, ಕೆಳಗೊಂದು ಬಿಳಿ ಬಟ್ಟೆ ಹಾಸಿರಿ. ಜೊತೆಗೆ ಬಂದ ಸಿರಿಂಜಿನಲ್ಲಿ ಮ್ಯಾನ್ಯುಯಲ್ ಹೇಳಿದ ಹೈಡ್ರಾಲಿಕ್ ಎಣ್ಣೆ ತುಂಬಿ ನಿಧಾನ ಒತ್ತಿ, ಹಿಂದಕ್ಕೆಳೆಯಿರಿ, ಮತ್ತೆ ಒತ್ತಿ. ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಬೇಡಿ. ಕೊನೆಗೆ ತುಸು ಎಣ್ಣೆ ಉಕ್ಕಿಸಿಕೊಂಡೇ ಸ್ಕ್ರೂ ಮುಚ್ಚಿ. ಒತ್ತಿ ತುರುಕಿದರೂ ಕಷ್ಟವೇ: ಎಣ್ಣೆ ಹೆಚ್ಚಾದರೆ ಜಾ ಪೂರ್ತಿ ಮುಂದಕ್ಕೆ ಬಾರದೆ ಮೊಳೆಯನ್ನು ಬಿಡುವುದಿಲ್ಲ. ಹತ್ತಿರ ಸಿಕ್ಕಿತೆಂದು ಬ್ರೇಕ್ ಆಯಿಲ್ ಮಾತ್ರ ಹಾಕಲೇಬೇಡಿ. ಮಾಮೂಲಿ ಗ್ಲೈಕಾಲ್ ಬ್ರೇಕ್ ಆಯಿಲ್‌ಗೆ ನೈಟ್ರೈಲ್ ರಬ್ಬರ್ ಸೀಲ್ ಉಬ್ಬಿ ಮೆತ್ತಗಾಗುತ್ತದೆ. ಆಮೇಲೆ ಇಡೀ ಸೀಲ್ ಕಿಟ್ಟೇ ಹೋಯಿತು.

ಇನ್ನೊಂದು ದೂರು, ಜಾರುವುದು. ಟ್ರಿಗರ್ ಒತ್ತಿದರೆ ಗನ್ ಎಳೆಯುತ್ತದೆ, ಮೊಳೆ ಅಲ್ಲೇ ಇರುತ್ತದೆ. ಮುಂದಿನ ಕವಚ ಬಿಚ್ಚಿ ಜಾ ತೆಗೆದು ಬೆಳಕಿಗೆ ಹಿಡಿಯಿರಿ: ಹಲ್ಲುಗಳ ನಡುವೆ ಬೂದು ಲೋಹದ ಪುಡಿ ಎಣ್ಣೆಯೊಡನೆ ಕಲಸಿ ಗಟ್ಟಿ ಹಿಟ್ಟಾಗಿ ಕೂತಿರುತ್ತದೆ. ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ. ಹಲ್ಲಿನ ತುದಿ ಸವೆದು ಹೊಳೆಯುತ್ತಿದ್ದರೆ ಪೂರ್ತಿ ಸೆಟ್ ಬದಲಿಸಿ. ಹಳೆಯದರ ಜೊತೆ ಹೊಸದೊಂದನ್ನು ಸೇರಿಸಿದರೆ ಹಿಡಿತ ವಾರೆಯಾಗುತ್ತದೆ. ಗ್ರೀಸ್ ಜಾದ ಹೊರಮೈ ಇಳಿಜಾರಿಗೆ ಮಾತ್ರ, ಹಲ್ಲು ಒಣಗಿರಲಿ. ದಿನವೂ ಕೆಲಸ ಮಾಡುವ ಗನ್ನಿಗೆ ವಾರಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು.

ರಿವೆಟ್ಟಿನ ಮೊಳೆ ಒಳಗೇ ಹೋಗದಿದ್ದರೆ ನೋಸ್‌ಪೀಸ್ (ಮೊಳೆ ತೂರಿಸುವ ತುದಿಯ ಮೂತಿ) ಪೂರ್ತಿ ಬಿಗಿಯಾಗಿಲ್ಲ. ಜಾ ಬಾಯಿ ತೆರೆಸುವುದು ಅದರ ಹಿಂತುದಿಯೇ. ಮೊಳೆ ಸಿಕ್ಕಿಕೊಂಡರೆ ನೋಸ್‌ಪೀಸ್ ಸೈಜು ನೋಡಿ, ಬಾಟ್ಲಿ ತುಂಬಿದೆಯೇ ನೋಡಿ. ಗಾಳಿ ಹೊರಹೋಗುವ ತೂತಿನಲ್ಲಿ ಎಣ್ಣೆ ಕಂಡರೆ ರಾಡಿನ ಸೀಲ್ ಸವೆದಿದೆ, ಎಷ್ಟು ತುಂಬಿದರೂ ನಿಲ್ಲದು. ಬದಲಿಸುವಾಗ ಬ್ಯಾಕಪ್ ರಿಂಗ್ (ಓ-ರಿಂಗ್ ಎಂಬ ರಬ್ಬರ್ ಬಳೆಗೆ ಆಸರೆ ಕೊಡುವ ಗಟ್ಟಿ ಬಳೆ) ಇದ್ದರೆ ಅದು ಓ-ರಿಂಗಿನ ಹಿಂದೆ, ಒತ್ತಡ ಕಡಿಮೆಯಿರುವ ಕಡೆಗೆ ಕೂರಬೇಕು. ತಿರುಗಾಮುರುಗಾ ಹಾಕಿದರೆ ಹೊಸ ಓ-ರಿಂಗ್ ಸಂದಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ.

4.8ರ ಅಲ್ಯೂಮಿನಿಯಂ, 4.0ರ ಸ್ಟೀಲ್ ರಿವೆಟ್‌ಗೆ ಈ ಗನ್ ಹೇಳಿ ಮಾಡಿಸಿದ್ದು. ದಿನವಿಡೀ 4.8ರ ಸ್ಟೇನ್‌ಲೆಸ್ ಹೊಡೆಯುವವರು 1/4 ಇಂಚಿನ ಗನ್ನೇ ತೆಗೆದುಕೊಳ್ಳಿ. ಈ 3/16ರ ಗನ್ನಿನಲ್ಲಿ ಜಾ ಬೇಗ ಸವೆಯುತ್ತದೆ. ಗಾಳಿಯ ನೀರು ತಡೆದು ಒತ್ತಡ ಹಿಡಿದಿಡುವ ಫಿಲ್ಟರ್-ರೆಗ್ಯುಲೇಟರ್ ಜೊತೆಗೆ ಕೊಡದಿರುವುದು ದೊಡ್ಡ ಕೊರತೆ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರು ನೇರ ವಾಲ್ವಿಗೇ ಬರುತ್ತದೆ. ಫಿಲ್ಟರ್-ರೆಗ್ಯುಲೇಟರ್ ಬೇರೆ ಕೊಂಡು 6 ಬಾರ್‌ಗೆ ಇಡಿ.

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಲ್ಲಾಗಲಿ, ದುಡ್ಡು ಕೊಡುವ ಮೊದಲು ಜಾ ಸೆಟ್ ಮತ್ತು ಸೀಲ್ ಕಿಟ್ ಬಿಡಿಯಾಗಿ ಕೈಗೆ ಕೊಡಿಸಿಕೊಂಡು ನೋಡಿ. ‘ತರಿಸಿಕೊಡ್ತೀವಿ’ ಎಂದರೆ ಬೇರೆ ಅಂಗಡಿ ನೋಡಿ. ಹೊಸ ಗನ್ನಿನ ಸ್ಟ್ರೋಕ್ ಎಷ್ಟು ಮಿ.ಮೀ. ಎಂದು ಮೊದಲ ದಿನವೇ ಅಳೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಮುಂದೆ ಎಣ್ಣೆ ಇಳಿದಿದೆಯೋ ಇಲ್ಲವೋ ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ.