ಸ್ಪ್ರಿಂಗ್ ಕತ್ತರಿಸೋದಾ, ಲೋವರಿಂಗ್ ಸ್ಪ್ರಿಂಗಾ, ಕಾಯಿಲೋವರಾ? ಸ್ವಿಫ್ಟ್ ಇಳಿಸುವವರಿಗೆ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಈ ಮೂರು ದಾರಿಗಳಲ್ಲಿ ನನ್ನ ಓಟು 30 ಮಿ.ಮೀ. ಇಳಿಸುವ ಪ್ರೋಗ್ರೆಸಿವ್ ಲೋವರಿಂಗ್ ಸ್ಪ್ರಿಂಗಿಗೆ, ಅಂದರೆ ಒತ್ತಿದಷ್ಟೂ ಗಟ್ಟಿಯಾಗುವ ಗಿಡ್ಡ ಸ್ಪ್ರಿಂಗಿಗೆ. ಜೊತೆಗೆ ನಾಲ್ಕು ಹೊಸ ಶಾಕ್ (ಶಾಕ್ ಅಬ್ಸಾರ್ಬರ್). ಸ್ಪ್ರಿಂಗ್ ಕತ್ತರಿಸಿದರೆ ಕೂಲಿಯಷ್ಟರಲ್ಲೇ ಕೆಲಸ ಮುಗಿಯುತ್ತದೆ ಅನ್ನುವುದು ನಿಜ, ಆದರೆ ಮುಗಿಯುವುದು ಆ ದಿನದ ಕೆಲಸ ಮಾತ್ರ. ಲೆಕ್ಕಕ್ಕೆ ಹಿಡಿದ ಗಾಡಿ 2018ರಲ್ಲಿ ಬಂದ ಮಾದರಿಯ ಸ್ವಿಫ್ಟ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕೂ ಒಂದೇ ಕಂಬವಾಗಿ ನಿಲ್ಲುವ ಕಟ್ಟು), ಹಿಂದೆ ಟಾರ್ಶನ್ ಬೀಮ್ (ಎರಡು ಚಕ್ರಗಳನ್ನು ಕೂಡಿಸುವ ಅಡ್ಡ ತೊಲೆ). ಇದೇ ಕಟ್ಟಿನ ಪೋಲೋ, ಐ20ಗಳಿಗೂ ಮಾತು ಬಹುಪಾಲು ಹೊಂದುತ್ತದೆ.

ಎಷ್ಟು ಇಳಿಸಬಹುದು ಅನ್ನುವುದನ್ನು ಫೋಟೋ ನೋಡಿ ತೀರ್ಮಾನಿಸಬೇಡಿ, ಹಂಪು ನೋಡಿ ತೀರ್ಮಾನಿಸಿ. ಐ.ಆರ್.ಸಿ. (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಅಳತೆಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಸ್ವಿಫ್ಟ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,450 ಮಿ.ಮೀ. ಹಾಗಾಗಿ ನಾಲ್ಕೂ ಚಕ್ರ ಹಂಪಿನ ಮೇಲಿದ್ದಾಗ ಗಾಡಿಯ ಹೊಟ್ಟೆಯ ಕಡೆಗೆ ಉಬ್ಬಿ ಬರುವುದು ಬರೀ 44 ಮಿ.ಮೀ. ಇಂಥ ಹಂಪಿನ ಮೇಲೆ ಇಳಿಸಿದ ಗಾಡಿಯೂ ನಿಧಾನಕ್ಕೆ ಹೋದರೆ ಸಾಮಾನ್ಯವಾಗಿ ತಾಗುವುದಿಲ್ಲ. ತಾಗುವುದು ಊರೊಳಗೆ ಜನರೇ ಹಾಕಿಸಿಕೊಂಡ ಹಂಪು: ಎರಡಡಿ ಅಗಲ, 12 ಸೆಂ.ಮೀ. ಎತ್ತರ, ಬಣ್ಣವೂ ಇಲ್ಲ. ಅದರ ಎತ್ತರ ಪೂರ್ತಿಯಾಗಿ ಎರಡು ಆಕ್ಸಲ್‌ಗಳ ನಡುವೆ ಬಂದು ಕೂರುತ್ತದೆ. ಕಂಪನಿ ಕೊಡುವ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. 30 ಕಳೆದರೆ 133. ನಾಲ್ಕು ಜನ, ಡಿಕ್ಕಿ ತುಂಬ ಲಗೇಜು ಅಂದರೆ ಇನ್ನೊಂದು 30-40 ಹೋಗುತ್ತದೆ. ಉಳಿದ ನೂರರಲ್ಲಿ ಓರೆಯಾಗಿ ಹತ್ತಿಸಿ, ಹಿಂದಿನವರನ್ನು ಇಳಿಸಿ, ಹೇಗೋ ದಾಟಬಹುದು. 60 ಮಿ.ಮೀ. ಇಳಿಸಿದ ಗಾಡಿಗೆ ಆ ಹೇಗೋ ಕೂಡ ಇಲ್ಲ.

ಈಗ ಕತ್ತರಿಸಿದ ಸ್ಪ್ರಿಂಗಿನ ವಿಷಯ. ಗಟ್ಟಿಯಾಗುತ್ತದೆ, ಸವಾರಿ ಹಾಳಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕೆಲಸ ಮಾಡುವ ಸುತ್ತು ಐದಿದ್ದಲ್ಲಿ ಒಂದು ತೆಗೆದರೆ ಸ್ಪ್ರಿಂಗ್ ಶೇ. 25 ಗಟ್ಟಿ, ಲೆಕ್ಕ ಅಷ್ಟೇ. ಸ್ವಲ್ಪ ಗಟ್ಟಿಯಾಗಿದ್ದರೆ ಒಳ್ಳೆಯದೇ ಅನ್ನುವವರೂ ಇದ್ದಾರೆ. ತಲೆ ತಿನ್ನುವುದು ಗಟ್ಟಿತನ ಅಲ್ಲ, ಚಕ್ರ ನೇತುಬಿದ್ದಾಗ ಸ್ಪ್ರಿಂಗ್ ಸಡಿಲವಾಗುವುದು.

ಮುಂದಿನ ಒಂದು ಚಕ್ರದ ಮೇಲೆ ಸುಮಾರು 250 ಕೆ.ಜಿ. ಭಾರ, ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 20 ನ್ಯೂಟನ್ ಬೇಕು ಅಂದುಕೊಳ್ಳಿ. ಗಾಡಿ ನಿಂತಾಗ ಸ್ಪ್ರಿಂಗ್ 122 ಮಿ.ಮೀ. ಕುಗ್ಗಿ ಕೂತಿರುತ್ತದೆ. ಚಕ್ರ ಅಲ್ಲಿಂದ ಕೆಳಕ್ಕೆ 80 ಮಿ.ಮೀ. ಇಳಿಯಲು ಶಾಕ್ ಬಿಡುತ್ತದೆ ಅಂದರೆ, ಪೂರ್ತಿ ನೇತುಬಿದ್ದಾಗಲೂ 42 ಮಿ.ಮೀ. ಒತ್ತಡ ಬಾಕಿ. ಆದ್ದರಿಂದ ಸ್ಪ್ರಿಂಗ್ ತನ್ನ ಸೀಟು, ಅಂದರೆ ತಾನು ಕೂರುವ ತಟ್ಟೆ, ಬಿಡುವುದಿಲ್ಲ. ಇನ್ನು ಒಂದು ಸುತ್ತು, ಅಂದರೆ ಸುಮಾರು 60 ಮಿ.ಮೀ. ಉದ್ದ ತೆಗೆಯಿರಿ. ಗಟ್ಟಿಯಾದ ಸ್ಪ್ರಿಂಗ್ ಅದೇ ಭಾರಕ್ಕೆ 98 ಮಿ.ಮೀ. ಮಾತ್ರ ಕುಗ್ಗುತ್ತದೆ, ಗಾಡಿ 36 ಮಿ.ಮೀ. ಇಳಿಯುತ್ತದೆ. ಶಾಕ್‌ನ ಉದ್ದ ಮಾತ್ರ ಮೊದಲಿನದೇ. ಈಗ ಚಕ್ರಕ್ಕೆ ಕೆಳಕ್ಕೆ ಹೋಗಲು 116 ಮಿ.ಮೀ. ಜಾಗ, ಸ್ಪ್ರಿಂಗ್ ಚಾಚಬಲ್ಲದ್ದು 98. ಉಳಿದ 18 ಮಿ.ಮೀ. ಸ್ಪ್ರಿಂಗ್ ಗಾಳಿಯಲ್ಲಿ.

ಚಕ್ರ ಪೂರ್ತಿ ನೇತುಬೀಳುವುದು ಯಾವಾಗ? ಹಂಪನ್ನು ಓರೆಯಾಗಿ ದಾಟುವಾಗ. ಇಳಿಸಿದ ಗಾಡಿಯವರು ಹಂಪನ್ನು ದಾಟುವುದೇ ಓರೆಯಾಗಿ! ಹಿಂದುಗಡೆ ಇದು ಇನ್ನೂ ಕೆಟ್ಟದ್ದು. ಅಲ್ಲಿ ಸ್ಪ್ರಿಂಗ್ ಶಾಕ್‌ನ ಸುತ್ತ ಇಲ್ಲ, ಬೀಮಿನ ಮೇಲೆ ಬೇರೆಯಾಗಿ ಕೂತಿದೆ. ಸಡಿಲವಾದರೆ ಪಕ್ಕಕ್ಕೆ ಜಾರಿ, ಚಕ್ರ ಮೇಲೆ ಬಂದಾಗ ಓರೆಯಾಗಿಯೇ ಸಿಕ್ಕಿಕೊಳ್ಳಬಹುದು. ಗ್ಯಾರೇಜಿನಲ್ಲಿ ಕೇಬಲ್ ಟೈ ಬಿಗಿಯುತ್ತಾರೆ, ರಬ್ಬರ್ ಹೋಸು ಸೀಳಿ ಸುತ್ತುತ್ತಾರೆ. ಸದ್ದು ಕಡಿಮೆಯಾಗುತ್ತದೆ, 18 ಮಿ.ಮೀ. ಹಾಗೇ ಇರುತ್ತದೆ.

ಸದ್ದು ಅಂದಾಗ, ಎಲ್ಲ ಸದ್ದಿಗೂ ಸ್ಪ್ರಿಂಗನ್ನು ಬೈಯುವುದೂ ತಪ್ಪು. ಓರೆಯಾಗಿ ಹಂಪು ಇಳಿದ ಮೇಲೆ ಒಂದೇ ಸಲ ‘ಟಕ್’ ಅಂದರೆ ಸಡಿಲ ಸ್ಪ್ರಿಂಗ್ ಮತ್ತೆ ಸೀಟಿಗೆ ಬಂದದ್ದು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ‘ಟಣ್’ ಅಂದರೆ ಸ್ಪ್ರಿಂಗಿನ ತುದಿ ಕೆಳಗಿನ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿಲ್ಲ, ಇಲ್ಲವೇ ಸ್ಟ್ರಟ್ ಮೌಂಟಿನ ಬೇರಿಂಗ್ ಹೋಗಿದೆ. ಗುಂಡಿಗೆ ಬಿದ್ದಾಗ ಬೆನ್ನಿಗೇ ‘ಧಡ್’ ಅಂದರೆ ಬಂಪ್ ಸ್ಟಾಪ್, ಅಂದರೆ ಚಕ್ರ ಪೂರ್ತಿ ಮೇಲೆ ಬಂದಾಗ ತಡೆಯುವ ರಬ್ಬರ್ ತುಂಡು. ಜಲ್ಲಿ ರಸ್ತೆಯಲ್ಲಿ ಸಾಲಾಗಿ ಕಟಕಟ ಅಂದರೆ ಹೆಚ್ಚಾಗಿ ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ), ಅದಕ್ಕೂ ಇಳಿಸಿದ್ದಕ್ಕೂ ಸಂಬಂಧ ಕಡಿಮೆ. ಪರೀಕ್ಷೆ ಸುಲಭ. ಬಾಡಿಯ ಜ್ಯಾಕ್ ಪಾಯಿಂಟಿನಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ನೇತುಬಿಟ್ಟು, ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ. ತಿರುಗಿತೋ, ಆ ಸ್ಪ್ರಿಂಗ್ ಆ ಗಾಡಿಗೆ ಲಾಯಕ್ಕಲ್ಲ.

ಇಷ್ಟಾದರೂ ಕತ್ತರಿಸುವವರು ಕತ್ತರಿಸುತ್ತಾರೆ. ಅಂಥವರಿಗೆ: ಅರ್ಧ ಸುತ್ತಿಗಿಂತ ಹೆಚ್ಚು ಬೇಡ, ಎಡ ಬಲ ಒಂದೇ ಅಳತೆ, ಗ್ರೈಂಡರಿನ ತೆಳು ಡಿಸ್ಕಿನಲ್ಲಿ ಮಾತ್ರ. ಗ್ಯಾಸಿನಲ್ಲಿ ಕತ್ತರಿಸಿದರೆ ತುದಿಯ ಉಕ್ಕಿನ ಹದ ಹೋಗಿ ಅಲ್ಲೇ ಮುರಿಯುತ್ತದೆ. ತುದಿ ಒಳಕ್ಕೆ ಸುರುಳಿಯಾಗಿ ಸಣ್ಣದಾಗುವ ಸ್ಪ್ರಿಂಗಾದರೆ ಆ ಕಡೆ ಮುಟ್ಟಲೇಬಾರದು, ಸೀಟಿನಲ್ಲಿ ಕೂರುವುದೇ ಇಲ್ಲ.

ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಕೂರಿಸುವ ವಿದ್ಯೆ ಇನ್ನೂ ಕೆಲವೆಡೆ ಇದೆ. ಬೇಡ. ಸುತ್ತುಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪೂ ಬೇಡ.

ಲೋವರಿಂಗ್ ಸ್ಪ್ರಿಂಗ್ ಇದೇ 18 ಮಿ.ಮೀ. ಸಮಸ್ಯೆಗೆ ಉತ್ತರ. ಕೈಗೆತ್ತಿಕೊಂಡು ನೋಡಿ, ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ, ಉಳಿದ ಕಡೆ ದೂರ. ಹತ್ತಿರದ ಮೆತ್ತನೆಯ ಸುತ್ತುಗಳು ಗಾಡಿಯ ಭಾರಕ್ಕೇ ಒಂದರ ಮೇಲೊಂದು ಕೂತುಬಿಡುತ್ತವೆ. ಚಕ್ರ ನೇತುಬಿದ್ದಾಗ ಅವೇ ಬಿಚ್ಚಿಕೊಂಡು ಸ್ಪ್ರಿಂಗನ್ನು ಸೀಟಿಗೆ ಒತ್ತಿ ಹಿಡಿಯುತ್ತವೆ. ಐಬಾಕ್, ಎಚ್ ಆಂಡ್ ಆರ್, ನಮ್ಮಲ್ಲಿ ಸುಲಭಕ್ಕೆ ಸಿಗುವ ಕೋಬ್ರಾ, ಯಾವ ಕಂಪನಿಯದೇ ಇರಲಿ, ನಿಮ್ಮ ಗಾಡಿಯ ಮಾದರಿಗೇ ಮಾಡಿದ್ದಾಗಿರಬೇಕು. ಪೆಟ್ರೋಲ್, ಡೀಸೆಲ್ ಬೇರೆ ಬೇರೆ; ಡೀಸೆಲ್ ಎಂಜಿನ್ ಭಾರ, ಅದರ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಹಾಕಿದರೆ ಮುಂದುಗಡೆ ಹೇಳಿದಷ್ಟು ಇಳಿಯುವುದಿಲ್ಲ.

ಇದರ ತೊಡಕು ಹಳೆಯ ಶಾಕ್. ಅರವತ್ತು ಸಾವಿರ ಕಿ.ಮೀ. ಓಡಿದ ಹಳೆಯ ಶಾಕ್‌ಗೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಂಪಾದ ಮೇಲೆ ಗಾಡಿ ಎರಡು ಮೂರು ಸಲ ಜಂಪ್ ಹೊಡೆಯುತ್ತದೆ, ಕೆಲವು ತಿಂಗಳಲ್ಲಿ ಎಣ್ಣೆ ಸೋರುತ್ತದೆ. ಆಮೇಲೆ ಮತ್ತೆ ಸ್ಟ್ರಟ್ ಬಿಚ್ಚಿಸಿ ಎರಡನೇ ಸಲ ಕೂಲಿ ಕೊಡಬೇಕು. ಒಟ್ಟಿಗೇ ಹಾಕಿಸಿ.

ಬಿಚ್ಚಿದಾಗ ಗಮನಿಸಬೇಕಾದವು ಇನ್ನೂ ಕೆಲವಿವೆ. ಸ್ಟ್ರಟ್ ತೆಗೆಯುವ ಮೊದಲು ಬ್ರೇಕ್ ಹೋಸು ಮತ್ತು ಎಬಿಎಸ್ ವೈರಿನ ಕ್ಲಿಪ್ ಬಿಡಿಸಿ, ಎಳೆದಾಡಬಾರದು. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆ ಎದುರುಬದುರಾಗಿ, ಸಮನಾಗಿ ಬಿಗಿಯಬೇಕು. ಸ್ಪ್ರಿಂಗ್ ಸೀಟಿನಿಂದ ಬಿಡುವ ತನಕ ಮೇಲಿನ ನಟ್ಟು ಮುಟ್ಟಬೇಡಿ, ಬಿಚ್ಚುವಾಗ ಮುಖ ಅದರ ನೇರಕ್ಕೆ ಇರಬಾರದು. ಸ್ಪ್ರಿಂಗ್ ಜೊತೆ ಬಂದ ಚೀಟಿ ಬಂಪ್ ಸ್ಟಾಪ್ ಕತ್ತರಿಸಲು ಹೇಳಿದ್ದರೆ ದಪ್ಪ ತುದಿಯಿಂದ ಕತ್ತರಿಸಿ, ಮೆತ್ತನೆಯ ಚೂಪು ತುದಿ ಉಳಿಯಲಿ.

ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಗಮನಿಸದೆ ಬಿಡುವುದು ಬುಷ್, ಅಂದರೆ ಕೀಲುಗಳಲ್ಲಿ ಕೂರಿಸಿದ ರಬ್ಬರ್ ತೋಳು. ಮುಂದಿನ ಲೋವರ್ ಆರ್ಮ್, ಹಿಂದಿನ ಬೀಮಿನ ಬುಷ್‌ಗಳಲ್ಲಿ ರಬ್ಬರು ಒಳಗಿನ ಕಬ್ಬಿಣಕ್ಕೆ ಅಂಟಿರುತ್ತದೆ, ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳೆಯ ಎತ್ತರದಲ್ಲಿ ಬಿಗಿದದ್ದನ್ನು ಹಾಗೇ ಬಿಟ್ಟರೆ ಗಾಡಿ ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟು ಸಡಿಲಿಸಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಎರಡು ಸಲ ಕುಲುಕಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಲಿಫ್ಟ್ ಮೇಲೆ ನೇತಾಡುವಾಗ ಬಿಗಿದರೆ ಬಿಡಿಸಿದ್ದೂ ದಂಡ.

ಅಲೈನ್‌ಮೆಂಟ್ ಅದೇ ದಿನ ಒಂದು ಸಲ, 500 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಂದು ಸಲ. ಟೈರಿನ ಒಳಬದಿ ಸವೆದರೆ ಎಲ್ಲರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಅನ್ನುತ್ತಾರೆ, 30 ಮಿ.ಮೀ.ಗೆ ಬರುವ ಕ್ಯಾಂಬರ್ ಅಷ್ಟು ತಿನ್ನುವುದಿಲ್ಲ, ತಿನ್ನುವುದು ಸರಿಮಾಡದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು). ಹೆಡ್‌ಲೈಟೂ ಮರುಹೊಂದಿಸಿ. ಎಬಿಎಸ್ ಇಲ್ಲದ ಹಳೆಯ ಗಾಡಿಗೆ ಹಿಂದೆ ಲೋಡ್ ಸೆನ್ಸಿಂಗ್ ಬ್ರೇಕ್ ವಾಲ್ವ್ ಇದ್ದರೆ ಅದರ ಕಡ್ಡಿಯನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಗಾಡಿ ತುಂಬಿದೆ ಅಂದುಕೊಂಡು ಹಿಂದಕ್ಕೆ ಹೆಚ್ಚು ಒತ್ತಡ ಕಳಿಸುತ್ತದೆ, ಮಳೆಯಲ್ಲಿ ಹಿಂದಿನ ಚಕ್ರ ಲಾಕ್.

ಕಾಯಿಲೋವರ್, ಅಂದರೆ ಸ್ಪ್ರಿಂಗೂ ಶಾಕೂ ಒಟ್ಟಿಗೆ ಬರುವ, ಎತ್ತರ ಹೊಂದಿಸಬಹುದಾದ ಸೆಟ್: ಮೂರರಲ್ಲಿ ಗುಣದಲ್ಲಿ ಇದೇ ಮೇಲು, ಬೆಲೆ ಸ್ಪ್ರಿಂಗಿನ ಹಲವು ಪಟ್ಟು. ಕೊಳ್ಳುವುದಾದರೆ ಕೆಳಗಿನ ಬ್ರಾಕೆಟ್ಟಿನಿಂದ ಎತ್ತರ ಬದಲಿಸುವಂಥದ್ದು ಕೊಳ್ಳಿ. ಸ್ಪ್ರಿಂಗಿನ ಕಾಲರ್ (ಸ್ಪ್ರಿಂಗ್ ಕೂರುವ, ತಿರುಗಿಸಿ ಏರಿಳಿಸುವ ಉಂಗುರ) ಇಳಿಸಿಯೇ ಗಾಡಿ ಇಳಿಸುವ ಅಗ್ಗದವು ಮತ್ತೆ ಅದೇ ಸಡಿಲ ಸ್ಪ್ರಿಂಗಿನ ಹತ್ತಿರ ತಂದು ನಿಲ್ಲಿಸುತ್ತವೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿ ಮಳೆಗೆ ಥ್ರೆಡ್ ತುಕ್ಕು ಹಿಡಿದು ಕಾಲರ್ ಅಲುಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ತೊಳೆದು ಗ್ರೀಸ್ ಸವರುವ ಅಭ್ಯಾಸ ಇಲ್ಲದವರಿಗೆ ಎತ್ತರ ಬದಲಿಸುವ ಸೌಲಭ್ಯ ಒಂದೇ ವರ್ಷದ್ದು.

ವಾರಂಟಿ ಇರುವ ಗಾಡಿ ಮುಟ್ಟಬೇಡಿ. ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ.

ದಿನಾ ಆಫೀಸು, ತಿಂಗಳಿಗೊಮ್ಮೆ ಮನೆಯವರೊಂದಿಗೆ ಊರು, ಟ್ರ್ಯಾಕ್ ಕಡೆ ತಲೆ ಹಾಕದ ನನ್ನಂಥವರ ಓಡಾಟಕ್ಕೆ ಸ್ಪ್ರಿಂಗ್ ಮತ್ತು ಶಾಕ್ ಸಾಕು. ಸ್ಪ್ರಿಂಗಿಗೆ ಮಾತ್ರ ದುಡ್ಡಿದ್ದರೆ ಶಾಕ್‌ಗೂ ಕೂಡುವ ತನಕ ಕಾಯಿರಿ. ಎರಡಕ್ಕೂ ಕೂಡದಿದ್ದರೆ ಶಾಕ್ ಮತ್ತು ಬುಷ್ ಹೊಸದು ಹಾಕಿಸಿ, ಎತ್ತರ ಹಾಗೇ ಇರಲಿ. ಕತ್ತರಿಸಿ ಇಳಿಸಿದ ಗಾಡಿಗಿಂತ ತಿರುವಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಬಿಚ್ಚಿದ ಕಂಪನಿ ಸ್ಪ್ರಿಂಗ್ ನಾಲ್ಕಕ್ಕೂ ಎಡ, ಬಲ, ಹಿಂದೆ, ಮುಂದೆ ಅಂತ ಪೇಂಟಿನಲ್ಲಿ ಬರೆದು ಅಟ್ಟಕ್ಕೆ ಹಾಕಿ. ಗುಜರಿಯವರಿಗೆ ಕೊಡಬೇಡಿ, ಗಾಡಿ ಮಾರುವ ದಿನ ಬೇಕಾಗುತ್ತವೆ.