ಅಂಡಮಾನ್ ದೋಣಿಯ ಟಿಕೆಟ್ ಕೈಗೆ ಬಂತು ಎಂದು ನೆಮ್ಮದಿಯಿಂದ ಕೂತವರೇ, ಮೊದಲು ಪಿಎನ್‌ಆರ್ ನೋಡಿ

ಬೆಳಗಾವಿಯಲ್ಲಿ ಅಂಡಮಾನ್ ಪ್ರವಾಸಕ್ಕೆಂದು ಯಾರದಾದರೂ ಕೈಗೆ ಮುಂಗಡ ಕೊಟ್ಟಿದ್ದರೆ ಇದನ್ನು ಪೂರ್ತಿ ಓದಿ. ವಿಮಾನದ ವಿಷಯ ನಾನು ಹೇಳುತ್ತಿಲ್ಲ. ಸಾಂಬ್ರಾದಿಂದ ಬೆಂಗಳೂರು, ಬೆಂಗಳೂರಿನಿಂದ ಪೋರ್ಟ್ ಬ್ಲೇರ್ (2024ರಿಂದ ಅಧಿಕೃತ ಹೆಸರು ಶ್ರೀ ವಿಜಯಪುರಂ), ಅದೆಲ್ಲ ಹೇಳಿದ ಹಾಗೆಯೇ ನಡೆಯಿತು. ವಿಮಾನದ ಟಿಕೆಟ್‌ನಲ್ಲಿ ಮೋಸ ಮಾಡಿದರೆ ನೀವು ಮರುದಿನವೇ ಅಂಗಡಿಯ ಮುಂದೆ ನಿಲ್ಲುತ್ತೀರಿ. ದೋಣಿಯ ಟಿಕೆಟ್‌ನಲ್ಲಿ ಮಾಡಿದರೆ ಬಂದು ಜಗಳ ತೆಗೆಯಲು ಸಾವಿರ ಕಿಲೋಮೀಟರಿಗೂ ಹೆಚ್ಚು ಸಮುದ್ರ ದಾಟಬೇಕು. ಆ ಲೆಕ್ಕ ಈ ಏಜೆಂಟರಿಗೆ ಚೆನ್ನಾಗಿ ಗೊತ್ತಿದೆ.

ನಮಗೆ ಟಿಕೆಟ್ ಮಾಡಿಸಿದ ಏಜೆಂಟನ ಹೆಸರು ಬರೆಯುತ್ತಿಲ್ಲ. ಬರೆಯಲು ಕೈ ತುರಿಸುತ್ತಿದೆ, ಆದರೆ ಅವನು ನನ್ನ ತಂಗಿಯ ಗಂಡನ ಮನೆಯ ಕಡೆಯವನು. ಬಾಯಿ ತುಂಬ ‘ಮಾಮಾ, ಮಾಮಾ’ ಎನ್ನುತ್ತಾನೆ. ಆ ಸಂಬಂಧ ನೋಡಿಯೇ ಅವನ ಬಳಿ ಹೋದದ್ದು. ಚೌಕಾಶಿ ಮಾಡಿದರೆ ನಾಳೆ ತಂಗಿ ಮಾತು ಕೇಳಬೇಕಾಗುತ್ತದೆ ಎಂದು ಅವನು ಹೇಳಿದಷ್ಟನ್ನೂ ಕೊಟ್ಟೆವು.

ನಮ್ಮದು ಕಾರು, ಹವಾನಿಯಂತ್ರಿತ ಕೊಠಡಿ, ಮೇಣದಬತ್ತಿ ಊಟದ ಪ್ರವಾಸವಲ್ಲ. ನಾನು, ಇಬ್ಬರು ಗೆಳೆಯರು, ಅಕ್ಕನ ಮಗ. ಬೆನ್ನಿಗೊಂದು ಚೀಲ, ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಪೋರ್ಟ್ ಬ್ಲೇರ್‌ನಿಂದ ದೋಣಿಯಲ್ಲಿ ಸ್ವರಾಜ್ ದ್ವೀಪ, ಅಲ್ಲಿಂದ ಶಹೀದ್ ದ್ವೀಪ (2018ರವರೆಗೆ ಹ್ಯಾವ್ಲಾಕ್, ನೀಲ್ ಎನ್ನುತ್ತಿದ್ದ ದ್ವೀಪಗಳೇ ಇವು), ಮರಳಿ ಬಂದು ಸರ್ಕಾರಿ ಬಸ್ ಹಿಡಿದು ಉತ್ತರಕ್ಕೆ ರಂಗತ್, ಮಾಯಾಬಂದರ್, ಡಿಗ್ಲಿಪುರ. ವಿಮಾನ ಬಿಟ್ಟರೆ ಅವನಿಗೆ ವಹಿಸಿದ್ದು ಮೂರೇ ಕೆಲಸ: ಖಾಸಗಿ ದೋಣಿಯ ಟಿಕೆಟ್, ಸ್ವರಾಜ್ ದ್ವೀಪದಲ್ಲಿ ಕೊಠಡಿ, ಮತ್ತು ಅವನೇ ‘ಕಡ್ಡಾಯ’ ಎಂದ ದ್ವೀಪ ಪ್ರವೇಶದ ಪರ್ಮಿಟ್. ಪರ್ಮಿಟ್‌ಗೆ ತಲೆಗೆ 1,200 ರೂಪಾಯಿ.

ಆ ಪರ್ಮಿಟ್ ನೋಡಬೇಕಿತ್ತು ನೀವು. ಹಸಿರು ಬಣ್ಣದ ಕಾರ್ಡು, ಮೇಲೆ ಮೂರು ಸಿಂಹ, ನಮ್ಮ ಫೋಟೊ, ಫೋಟೊದ ಅಂಚಿಗೆ ಅರ್ಧ ಬಿದ್ದ ನೇರಳೆ ಬಣ್ಣದ ಮೊಹರು. ಸಮುದ್ರದ ಗಾಳಿಗೆ ಹಾಳಾಗಬಾರದೆಂದು ಲ್ಯಾಮಿನೇಟ್ ಬೇರೆ ಮಾಡಿಸಿದ್ದ! ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳಲಿಲ್ಲ. ಕೇಳದಿದ್ದರೆ ಬಂದುಬಿಡಬಹುದಿತ್ತು. ಅಷ್ಟು ದುಡ್ಡು ಕೊಟ್ಟಿದ್ದೇವೆ, ಎಲ್ಲಿಯಾದರೂ ಮುದ್ರೆ ಒತ್ತಿಸಬೇಕೇನೋ ಎಂದು ನಾನೇ ಪೊಲೀಸರ ಮೇಜಿಗೆ ಹೋಗಿ ನಾಲ್ಕೂ ಕಾರ್ಡು ಮುಂದಿಟ್ಟೆ. ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ತಿರುಗಿಸಿದರು, ಎಲ್ಲಿ ಮಾಡಿಸಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ಬೆಳಗಾವಿ ಎಂದೆ. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಇಬ್ಬರೂ ನಕ್ಕರು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಭಾರತೀಯರಿಗೆ ಪೋರ್ಟ್ ಬ್ಲೇರ್, ಸ್ವರಾಜ್ ದ್ವೀಪ, ಶಹೀದ್ ದ್ವೀಪ, ರಂಗತ್, ಡಿಗ್ಲಿಪುರ ಯಾವುದಕ್ಕೂ ಇಂಥ ಪರ್ಮಿಟ್ ಬೇಕಿಲ್ಲ. ಆಧಾರ್ ಸಾಕು. ಫೋನ್ ಮಾಡಿ ಕೇಳಿದೆ. ಅವನ ಉತ್ತರ: ‘ಮಾಮಾ, ಯಾರೂ ಕೇಳಲಿಲ್ಲ ಎಂದರೆ ಒಳ್ಳೆಯದೇ ಆಯಿತಲ್ಲ? ಅದು ಸುರಕ್ಷತೆಗೆ.’ ಯಾರ ಸುರಕ್ಷತೆಗೆ?

ಅಲ್ಲಿಗೇ ಅನುಮಾನ ಬಂದಿತ್ತು. ಆದರೆ ದೋಣಿಯ ಟಿಕೆಟ್‌ಗಳ ಪಿಡಿಎಫ್ ಮೊಬೈಲಿನಲ್ಲಿತ್ತು, ಅದರಲ್ಲಿ ಪಿಎನ್‌ಆರ್ ಇತ್ತು, ಆಸನ ಸಂಖ್ಯೆ ಇತ್ತು, ನಾಲ್ವರ ಹೆಸರೂ ಇತ್ತು. ಇನ್ನೇನು ಬೇಕು?

ಮರುದಿನ ಬೆಳಿಗ್ಗೆ ಹ್ಯಾಡೋ ಬಂದರು. ದೋಣಿ ಕಣ್ಣೆದುರಿಗೇ ನಿಂತಿದೆ, ಜನ ಚೀಲ ತೂಗಿಸುತ್ತಿದ್ದಾರೆ. ಕೌಂಟರಿನ ಹುಡುಗ ಪಿಎನ್‌ಆರ್ ಒತ್ತಿದ, ಮತ್ತೊಮ್ಮೆ ಒತ್ತಿದ, ಬಳಿಕ ಪರದೆಯನ್ನೇ ನಮ್ಮ ಕಡೆಗೆ ತಿರುಗಿಸಿದ. ಟಿಕೆಟ್ ರದ್ದಾಗಿದೆ. ಕಂಪನಿ ರದ್ದು ಮಾಡಿದ್ದಲ್ಲ, ಕಾಯ್ದಿರಿಸಿದವರೇ ಮಾಡಿದ್ದು. ಹಣವೂ ಅವರ ಖಾತೆಗೆ ಮರಳಿದೆ. ತಾರೀಖು ಯಾವುದು ಗೊತ್ತೇ? ನಮಗೆ ಪಿಡಿಎಫ್ ಕಳುಹಿಸಿದ ಮರುದಿನ. ಅಂದರೆ ನಿಜವಾಗಿಯೇ ಕಾಯ್ದಿರಿಸಿದ್ದಾನೆ, ಪಿಡಿಎಫ್ ಇಳಿಸಿಕೊಂಡಿದ್ದಾನೆ, ನಮಗೆ ಕಳುಹಿಸಿದ್ದಾನೆ, ಬೆಳಗಾದ ಕೂಡಲೇ ರದ್ದು ಮಾಡಿ ಹಣ ಹಿಂದಕ್ಕೆ ಪಡೆದಿದ್ದಾನೆ. ಟಿಕೆಟ್ ನಕಲಿಯಲ್ಲ, ಅದೇ ಇದರ ಕೈಚಳಕ. ನಕಲಿಯಾಗಿದ್ದರೆ ಎಲ್ಲಾದರೂ ಕಾಗುಣಿತ ತಪ್ಪಿರುತ್ತಿತ್ತು.

ಹಿಂದೆ ಸಾಲು ಬೆಳೆಯುತ್ತಿತ್ತು. ನಮ್ಮ ಕನ್ನಡ ಕೇಳಿ ಸಾಲಿನಲ್ಲಿದ್ದ ಒಬ್ಬ ಹೆಂಗಸು ‘ಯಾವ ಊರಿನವರು ನೀವು?’ ಎಂದರು. ಬಾದಾಮಿಯ ಕಡೆಯವರಂತೆ. ನಾನು ಕೇಳಿಸದವನಂತೆ ನಿಂತೆ.

ಅವನಿಗೆ ಫೋನ್. ಮೊದಲ ಉತ್ತರ: ‘ಮಾಮಾ, ಅಲ್ಲಿ ಹವಾಮಾನ ಕೆಟ್ಟಿದೆ, ಕಂಪನಿಯವರೇ ರದ್ದು ಮಾಡಿದ್ದಾರೆ.’ ಸಮುದ್ರ ತಟ್ಟೆಗೆ ಸುರಿದ ಎಣ್ಣೆಯ ಹಾಗೆ ಬಿದ್ದುಕೊಂಡಿತ್ತು. ಜನ ದೋಣಿ ಹತ್ತುತ್ತಿದ್ದಾರಲ್ಲ ಎಂದೆ. ‘ಅದು ಬೇರೆ ದೋಣಿ ಇರಬೇಕು ನೋಡಿ.’ ಫೋಟೊ ತೆಗೆದು ಕಳುಹಿಸಿದೆ, ದೋಣಿಯ ಹೆಸರು ಕಾಣುವ ಹಾಗೆ. ಆಗ, ‘ಸರ್ವರ್ ಸಮಸ್ಯೆ ಮಾಮಾ, ದ್ವೀಪದಲ್ಲಿ ಇಂಟರ್ನೆಟ್ ಸರಿ ಇರುವುದಿಲ್ಲ.’ ಊರಿನಲ್ಲಿ ಇದ್ದಾಗಲೂ ಇದನ್ನೇ ಹೇಳಿದ್ದ: ಅಲ್ಲಿ ಇಂಟರ್ನೆಟ್ ಇಲ್ಲ, ಪಿಎನ್‌ಆರ್ ಏನೂ ನೋಡಲಾಗುವುದಿಲ್ಲ, ಪ್ರಿಂಟ್ ಇಟ್ಟುಕೊಳ್ಳಿ ಸಾಕು ಎಂದು. ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಸಮುದ್ರದಡಿ ಕೇಬಲ್ ಬಂದದ್ದು 2020ರಲ್ಲಿ! ಪಿಎನ್‌ಆರ್ ನೋಡಬೇಡಿ ಎನ್ನಲು ಆ ಹಳೆಯ ಕತೆ. ಕೊನೆಗೆ ಒಂದು ಸಂದೇಶ: ‘ಮಾಮಾ, ಮೀಟಿಂಗ್‌ನಲ್ಲಿದ್ದೇನೆ, ಆಮೇಲೆ ಮಾತನಾಡುತ್ತೇನೆ.’ ಪಕ್ಕದಲ್ಲಿ ಕೈಮುಗಿದ ಚಿತ್ರ. ಬೆಳಿಗ್ಗೆ ಆರೂಮುಕ್ಕಾಲಿಗೆ ಯಾವ ಮೀಟಿಂಗ್?

ದೋಣಿ ಹೋಯಿತು. ನಾಲ್ಕು ಆಸನ ಖಾಲಿ ಇದ್ದರೆ ಹೊಸದಾಗಿ ಹಣ ಕಟ್ಟಿ ಹೋಗೋಣ ಎಂದರೆ ಒಂದೂ ಇರಲಿಲ್ಲ. ಫೀನಿಕ್ಸ್ ಬೇ ಜೆಟ್ಟಿಗೆ ಹೋಗಿ ಸರ್ಕಾರಿ ಹಡಗಿನ ಕೌಂಟರಿನಲ್ಲಿ ನಿಂತೆವು. ಅಲ್ಲಿ ದ್ವೀಪವಾಸಿಗಳಿಗೆ ಮೊದಲ ಆದ್ಯತೆ, ಅದು ನ್ಯಾಯವೇ. ಅವರಿಗೆ ಆ ಹಡಗೇ ಬಸ್ಸು. ನಮಗೆ ಸಿಗಲಿಲ್ಲ. ಇನ್ನೊಂದು ತಮಾಷೆ ಕೇಳಿ. ಸ್ವರಾಜ್ ದ್ವೀಪದ ಕೊಠಡಿಯನ್ನು ಮಾತ್ರ ಪುಣ್ಯಾತ್ಮ ನಿಜವಾಗಿಯೇ ಕಾಯ್ದಿರಿಸಿದ್ದ, ರದ್ದಾದರೆ ಹಣ ಮರಳುವುದಿಲ್ಲ ಎಂಬ ಷರತ್ತಿನ ಮೇಲೆ. ಆ ಬಾಡಿಗೆಯೂ ನೀರಿಗೆ.

ಯೋಜನೆಯನ್ನೇ ತಿರುಗಿಸಿದೆವು. ನಸುಕಿನಲ್ಲಿ ಹೊರಡುವ ಡಿಗ್ಲಿಪುರದ ಸರ್ಕಾರಿ ಬಸ್ ಹಿಡಿದು ಮೊದಲು ಉತ್ತರಕ್ಕೆ ಹೋದೆವು. ಜಿರ್ಕಾಟಾಂಗ್ ತಪಾಸಣಾ ಠಾಣೆಯಲ್ಲಿ ವಾಹನಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಪೊಲೀಸ್ ಬೆಂಗಾವಲಿನಲ್ಲಿ ನಿಗದಿತ ಹೊತ್ತಿಗೇ ಬಿಡುತ್ತಾರೆ. ಅಲ್ಲಿಂದ ಮಿಡಲ್ ಸ್ಟ್ರೇಟ್‌ವರೆಗೆ ಸುಮಾರು 50 ಕಿಲೋಮೀಟರ್ ಜಾರವಾ ಜನರ ಮೀಸಲು ಕಾಡು. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಏನನ್ನೂ ಕೊಡುವಂತಿಲ್ಲ. ನಮ್ಮವನ ಕಾರ್ಯಕ್ರಮ ಪಟ್ಟಿಯಲ್ಲಿ ‘ಆದಿವಾಸಿ ದರ್ಶನ’ ಎಂದು ದಪ್ಪ ಅಕ್ಷರದಲ್ಲಿತ್ತು. ಅಕ್ಕನ ಮಗ ಅದನ್ನು ಕಂಡಕ್ಟರಿಗೆ ತೋರಿಸಿದ. ಆ ಮನುಷ್ಯ ನಮ್ಮನ್ನು ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ. ಹಾಗೆ ಜನರನ್ನು ತೋರಿಸುತ್ತೇನೆಂದು ಹಣ ಪಡೆಯುವುದು ಅಪರಾಧ, ಅವರ ರಕ್ಷಣೆಗೆ 1956ರಿಂದಲೂ ಕಾನೂನಿದೆ. ಏನು ಮಾರುತ್ತಿದ್ದೇನೆ ಎಂಬ ನಾಚಿಕೆಯೂ ಅವನಿಗಿಲ್ಲ.

ದಾರಿಯ ಬಗ್ಗೆ ದೂರಿಲ್ಲ. ಮಿಡಲ್ ಸ್ಟ್ರೇಟ್‌ನಲ್ಲಿ ಇಡೀ ಬಸ್ಸೇ ಬಾರ್ಜ್ ಹತ್ತಿ ಖಾರಿ ದಾಟುವುದನ್ನು ನೋಡಿದಾಗ ಸ್ವಲ್ಪ ಹೊತ್ತು ಅವನನ್ನು ಮರೆತಿದ್ದೆ. ಮರಳುವಾಗ ರಂಗತ್‌ನಿಂದ ಸರ್ಕಾರಿ ದೋಣಿ ಸಿಕ್ಕಿತು, ಅಗ್ಗಕ್ಕೆ, ಯಾವ ಏಜೆಂಟನೂ ಇಲ್ಲದೆ. ಕೌಂಟರಿನಲ್ಲಿ ಆಧಾರ್ ತೋರಿಸಿದೆವು, ಕೊಟ್ಟರು. ಇಷ್ಟೇ ಕೆಲಸಕ್ಕೆ ನಾವು ಸಾವಿರಾರು ರೂಪಾಯಿ ಸುರಿದಿದ್ದೆವು.

ಊರಿಗೆ ಬಂದು ಅವನ ಅಂಗಡಿಗೆ ಹೋದರೆ ಮೊದಲು ಚಹಾ ತರಿಸಿದ. ಆಮೇಲೆ, ‘ಹಣ ಎಲ್ಲಿಗೆ ಹೋಗುತ್ತದೆ ಮಾಮಾ, ಗೋವಾ ಪ್ಯಾಕೇಜಿನಲ್ಲಿ ಹೊಂದಿಸಿಕೊಡುತ್ತೇನೆ.’ ಬೆಳಗಾವಿಯವನಿಗೆ ಗೋವಾ ಪ್ಯಾಕೇಜ್! ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಪಣಜಿಯಲ್ಲಿರುತ್ತೇವೆ. ಸಂಜೆಯ ಹೊತ್ತಿಗೆ ಅವರ ಮನೆಯ ಹಿರಿಯರ ಫೋನ್ ಬಂತು: ‘ಮನೆಯ ಮಾತು ಮನೆಯಲ್ಲೇ ಇರಲಿ, ಹುಡುಗನ ಹೆಸರು ಕೆಡಿಸಬೇಡಿ.’ ನನ್ನ ಗೆಳೆಯರ ಹಣಕ್ಕೆ ನಾನು ಉತ್ತರ ಹೇಳುತ್ತಿದ್ದೇನೆ, ಅದರ ಬಗ್ಗೆ ಆ ಹಿರಿಯರು ಒಂದು ಮಾತೂ ಆಡಲಿಲ್ಲ.

ಪಿಡಿಎಫ್ ಬಂದ ದಿನವಲ್ಲ, ಹೊರಡುವ ಹಿಂದಿನ ದಿನ ಪಿಎನ್‌ಆರ್ ನೋಡಿ, ಇಲ್ಲವೇ ದೋಣಿ ಕಂಪನಿಗೇ ಫೋನ್ ಮಾಡಿ. ಸಾಧ್ಯವಾದರೆ ನೀವೇ ನಿಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಕಾಯ್ದಿರಿಸಿ. ಆಗ ರದ್ದಾದರೆ ಸುದ್ದಿ ನಿಮಗೇ ಬರುತ್ತದೆ. ಪರ್ಮಿಟ್ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಸಂಬಂಧಿಕರ ಬಳಿ ಟಿಕೆಟ್ ಮಾಡಿಸಲೇಬೇಡಿ, ಬೇರೆಯವನಾದರೆ ಕೊರಳಪಟ್ಟಿಯಾದರೂ ಹಿಡಿಯಬಹುದು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮುಂದಿನದು ಜಿಲ್ಲಾ ಗ್ರಾಹಕರ ಆಯೋಗ; 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ತಂಗಿಗೂ ಹೇಳಿ ಆಗಿದೆ. ಹಸಿರು ಬಣ್ಣದ ಲ್ಯಾಮಿನೇಟ್ ಮಾಡಿದ ಕಾರ್ಡು ನಿಮ್ಮ ಕೈಗೂ ಬಂದಿದ್ದರೆ ಅವನಿಗೆ ಬಾಕಿ ಹಣ ಕೊಡಬೇಡಿ, ರಸೀದಿ ಮತ್ತು ಸಂದೇಶಗಳನ್ನು ಅಳಿಸಬೇಡಿ. ದೂರಿನಲ್ಲಿ ನಿಮ್ಮ ಹೆಸರೂ ಸೇರಿದರೆ ‘ಮನೆಯ ಮಾತು’ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ.