ಹ್ಯಾಂಡಲ್ ನಡುಗಿದರೆ ಮೊದಲು ಕೋನ್‌ಸೆಟ್ ನೋಡಿಸಿ, ಡ್ಯಾಂಪರ್ ಆಮೇಲೆ

ಬೈಕಿನ ಮುಂದಿನ ಚಕ್ರ ನಡುಗುತ್ತಿದೆ ಎಂದು ದೂರು ಹೇಳಿದಾಗ, ನಡುಕಕ್ಕೆ ಕಾರಣವೇನೆಂದು ಹುಡುಕದೆ ಹ್ಯಾಂಡಲಿನ ರಭಸದ ಆಟವನ್ನು ತಡೆಯುವ ಒಂದು ಸ್ಟೀರಿಂಗ್ ಡ್ಯಾಂಪರ್ ಕೂರಿಸಿ ಹಣ ಎಣಿಸಿಕೊಳ್ಳುವ ಗ್ಯಾರೇಜುಗಳಿವೆ. ಅಂಥ ಒಂದು ಗ್ಯಾರೇಜಿನಿಂದ ಹೊರಬಂದ ಬೈಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಹೋಗುವಾಗ, ನಾನು ಬೀಳದೆ ಉಳಿದದ್ದು ಅದೃಷ್ಟವೇ ಸರಿ. ದೂರ ಪ್ರಯಾಣಕ್ಕೆ ಹೊರಡಲಿರುವವರು, ಅದರಲ್ಲೂ ಪೆಟ್ಟಿಗೆ ಚೀಲಗಳನ್ನು ಹೇರಿಕೊಂಡು, ಹಿಂದೆ ಮನೆಯವರನ್ನು ಕೂರಿಸಿಕೊಂಡು ಹೋಗುವವರು, ಇದನ್ನು ಓದಿ ತಮ್ಮ ಬೈಕನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಡ್ಯಾಂಪರ್ ನನ್ನ ಬೈಕಿನಲ್ಲಿ ಈಗಲೂ ಇದೆ, ಒಳ್ಳೆಯದೇ ಇದೆ, ಅದನ್ನು ತೆಗೆಸುವ ಯೋಚನೆ ನನಗಿಲ್ಲ. ದೋಷವನ್ನು ಮುಚ್ಚಿಡಲು ಅದನ್ನು ಬಳಸುವುದಕ್ಕಷ್ಟೇ ನನ್ನ ಆಕ್ಷೇಪ.

ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಆಯಿಲ್ ಸೀಲ್ ಸೋರುತ್ತಿದ್ದುದರಿಂದ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಫೋರ್ಕ್ ಬಿಚ್ಚಿಸಿ, ಅದೇ ಹೊತ್ತಿಗೆ ಮುಂದಿನ ಟೈರನ್ನೂ ಹೊಸದು ಹಾಕಿಸಿದ್ದೆ. ಬೈಕು ಕೈಗೆ ಬಂದ ಮೇಲೆ, ಎಪ್ಪತ್ತರ ವೇಗದಿಂದ ಎಕ್ಸಲರೇಟರ್ ಬಿಟ್ಟು ಅರವತ್ತಕ್ಕೆ ಇಳಿಯುವಾಗ, ಹ್ಯಾಂಡಲನ್ನು ಹಗುರವಾಗಿ ಹಿಡಿದಿದ್ದರೆ ಅದು ಎಡಕ್ಕೂ ಬಲಕ್ಕೂ ಸಣ್ಣಗೆ ಆಡತೊಡಗಿತು. ಬಿಗಿಯಾಗಿ ಹಿಡಿದರೆ ಗೊತ್ತಾಗುತ್ತಿರಲಿಲ್ಲ. ಅದೇ ಗ್ಯಾರೇಜಿಗೆ ಹೋಗಿ ಹೇಳಿದಾಗ, “ಹೊಸ ಟೈರು ಸಾರ್, ಸ್ವಲ್ಪ ಓಡಲಿ, ತಾನೇ ಸೆಟ್ ಆಗುತ್ತೆ” ಎಂಬ ಉತ್ತರ ಬಂತು. ಮತ್ತೊಮ್ಮೆ ಹೋದಾಗ, “ಹಾಗಾದ್ರೆ ಒಂದು ಡ್ಯಾಂಪರ್ ಹಾಕಿಬಿಡೋಣ ಸಾರ್, ದೊಡ್ಡ ಬೈಕಿಗೆಲ್ಲ ಕಂಪನಿಯಿಂದಲೇ ಬರುತ್ತೆ” ಎಂದರು. ಕೋನ್‌ಸೆಟ್ (ಫ್ರೇಮಿನ ಮುಂತುದಿಯ ಹೆಡ್ಡಿನೊಳಗೆ ಕೂತು ಹ್ಯಾಂಡಲ್ ತಿರುಗಲು ನೆರವಾಗುವ ಬೇರಿಂಗ್) ನೋಡಿದ್ದೀರಾ ಎಂದು ಕೇಳಿದ್ದಕ್ಕೆ ನೋಡಿದ್ದೇವೆ ಎಂದರು; ಬಿಲ್ಲಿನಲ್ಲಿಯೂ ಮುಂಭಾಗ ಪರೀಕ್ಷಿಸಲಾಗಿದೆ, ಸರಿಯಾಗಿದೆ ಎಂದು ಬರೆದುಕೊಟ್ಟರು. ಹೆಸರಿಲ್ಲದ ಕಂಪನಿಯ ಒಂದು ಡ್ಯಾಂಪರ್ ಕೂತಿತು. ನಡುಕ ನಿಜಕ್ಕೂ ಮಾಯವಾಯಿತು. ನಡುಕ ನಿಂತಿತು ಎಂದಮೇಲೆ ದೋಷವೂ ಹೋಯಿತು ಎಂದೇ ಯಾರಿಗಾದರೂ ಅನಿಸುತ್ತದೆ, ಅಪಾಯ ಇರುವುದು ಅಲ್ಲಿಯೇ.

ಆಷಾಢದ ಗಾಳಿ ಚಿತ್ರದುರ್ಗದ ಸುತ್ತಮುತ್ತ ಹೇಗಿರುತ್ತದೆ ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಎರಡೂ ಪಕ್ಕಕ್ಕೆ ಚೀಲ, ಹಿಂದೆ ಟಾಪ್ ಬಾಕ್ಸ್ ಇತ್ತು, ವೇಗ ಎಂಬತ್ತರ ಒಳಗಿತ್ತು. ಒಂದು ಮೇಲ್ಸೇತುವೆಯ ಕಬ್ಬಿಣದ ಜಾಯಿಂಟನ್ನು ದಾಟುವಾಗ ಮುಂದಿನ ಚಕ್ರ ಸ್ವಲ್ಪ ಎದ್ದು, ಅದೇ ಕ್ಷಣಕ್ಕೆ ಪಕ್ಕದಿಂದ ಗಾಳಿ ನೂಕಿದ್ದರಿಂದ, ನೇರವಾಗಿ ಇಳಿಯದೆ ಓರೆಯಾಗಿ ಇಳಿಯಿತು. ಆಮೇಲೆ ನಡೆದದ್ದನ್ನು ನಡುಕ ಎಂದು ಕರೆಯಲಾಗದು. ಹ್ಯಾಂಡಲ್ ನನ್ನ ಕೈಗಳನ್ನು ಕಿತ್ತುಕೊಳ್ಳುವ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯತೊಡಗಿತು, ಸ್ಪೀಡೋಮೀಟರ್ ಕಣ್ಣಿಗೆ ಎರಡೆರಡಾಗಿ ಕಂಡಿತು, ಎಡಗೈ ಒಮ್ಮೆ ಗ್ರಿಪ್ಪಿನಿಂದ ಕಳಚಿಯೇ ಹೋಯಿತು. ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿಕೊಂಡು, ಎದೆಯನ್ನು ಟ್ಯಾಂಕಿನ ಮೇಲೆ ಬಾಗಿಸಿ, ಎಕ್ಸಲರೇಟರನ್ನು ನಿಧಾನವಾಗಿ ಇಳಿಸುತ್ತ ಹೋದೆ. ವೇಗ ನಲವತ್ತರ ಹತ್ತಿರ ಬಂದಾಗ ಬಡಿತ ಸಡಿಲಗೊಂಡು ನಿಂತಿತು. ಹಿಂದಿದ್ದ ಲಾರಿಯ ಚಾಲಕ ಸಾಕಷ್ಟು ಅಂತರ ಬಿಟ್ಟಿದ್ದ. ಆ ಅಪರಿಚಿತನಿಗೆ ನಾನು ಋಣಿ.

ಅದಾದ ಮೇಲಿನ ಒಂದು ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ರಸ್ತೆಯ ಅಂಚಿಗೆ ತಂದು ನಿಲ್ಲಿಸಲು ಮುಂದಿನ ಬ್ರೇಕ್ ಹಿಡಿದಾಗ ಲಿವರ್ ಯಾವ ತಡೆಯೂ ಇಲ್ಲದೆ ಗ್ರಿಪ್ಪಿಗೇ ಬಂದು ತಾಗಿತು, ಬ್ರೇಕ್ ಬೀಳಲಿಲ್ಲ. ಮುಂದಿನ ಚಕ್ರ ಆ ಪರಿ ಬಡಿದುಕೊಳ್ಳುವಾಗ ಡಿಸ್ಕ್ ಎರಡೂ ಕಡೆಗೆ ವಾಲಿ, ಬ್ರೇಕ್ ಪ್ಯಾಡುಗಳನ್ನು ಅವು ಕೂತಿರುವ ಕ್ಯಾಲಿಪರಿನೊಳಕ್ಕೆ ದೂಡಿಬಿಡುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಹೆಚ್ಚಿದ ಆ ಜಾಗವನ್ನು ತುಂಬುವುದರಲ್ಲೇ ಲಿವರಿನ ಮೊದಲ ಎಳೆತ ಮುಗಿದುಹೋಗುತ್ತದೆ. ಎರಡು ಮೂರು ಸಲ ಒತ್ತಿ ಬಿಟ್ಟರೆ ಬ್ರೇಕ್ ಮರಳಿ ಬರುತ್ತದೆ. ರೇಸ್ ಓಡಿಸುವವರು ಇದನ್ನು ಬಲ್ಲರು. ರಸ್ತೆಯಲ್ಲಿ ಓಡಿಸುವ ನಮಗೆ ಯಾರೂ ಹೇಳಿಕೊಡುವುದಿಲ್ಲ. ಹ್ಯಾಂಡಲ್ ಹೀಗೆ ಬಡಿದುಕೊಳ್ಳುವ ದೊಡ್ಡ ವಾಬಲ್ ಒಂದರಿಂದ ಪಾರಾದ ಕೂಡಲೇ, ಬ್ರೇಕ್ ಬೇಕಾಗುವ ಮೊದಲೇ, ಲಿವರನ್ನು ಮೆಲ್ಲಗೆ ಒತ್ತಿ ಒತ್ತಿ ನೋಡಿಕೊಳ್ಳಿ.

ಚಿತ್ರದುರ್ಗದವರೆಗೆ ನಿಧಾನವಾಗಿ ತಂದು, ಊರ ಹೊರಗಿನ ಒಂದು ಚಿಕ್ಕ ಗ್ಯಾರೇಜಿನಲ್ಲಿ ತೋರಿಸಿದೆ. ವಯಸ್ಸಾದ ಮೆಕ್ಯಾನಿಕ್ ನನ್ನ ಮಾತನ್ನು ಪೂರ್ತಿ ಕೇಳಿ, ಯಾವ ಪಾನೆಯನ್ನೂ ಮುಟ್ಟದೆ, ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿಸಿ, ಹಿಂಬದಿಯನ್ನು ಹುಡುಗನಿಂದ ಒತ್ತಿಸಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿದರು. ಆಮೇಲೆ ಫೋರ್ಕಿನ ಎರಡು ಕಾಲುಗಳನ್ನು ಕೆಳಭಾಗದಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ಎಳೆದರು. ಮೇಲೆ ಹೆಡ್ಡಿನೊಳಗೆ ಕಟ್ ಕಟ್ ಎಂಬ ಸದ್ದು ನನಗೂ ಕೇಳಿಸಿತು. “ಇಲ್ಲಿ ಕೈ ಇಡಿ ಸಾರ್” ಎಂದು ನನ್ನ ಬೆರಳನ್ನು ಫೋರ್ಕಿನ ಕಾಲುಗಳನ್ನು ಹಿಡಿದಿರುವ ಟೀಗೂ ಫ್ರೇಮಿಗೂ ನಡುವಿನ ಸಂದಿಯ ಮೇಲೆ ಇರಿಸಿ ಮತ್ತೆ ಎಳೆದರು. ಸಂದಿ ಆಡುವುದು ಬೆರಳಿಗೆ ತಿಳಿಯುತ್ತಿತ್ತು. ಫೋರ್ಕ್ ಬಿಚ್ಚಿದವರು ಕೋನ್‌ಸೆಟ್ಟನ್ನು ಸರಿಯಾಗಿ ಬಿಗಿಸಿರಲಿಲ್ಲ. ಸಡಿಲವಿದ್ದ ಬೇರಿಂಗ್ ಬಾಲುಗಳು ರಸ್ತೆಯ ಪ್ರತಿ ಗುಂಡಿಗೂ ಬಡಿದು ಬಡಿದು ತಾವು ಉರುಳುವ ಬಳೆಯಲ್ಲಿ, ಅಂದರೆ ರೇಸಿನಲ್ಲಿ, ಸಾಲಾಗಿ ಕುಳಿ ಬೀಳಿಸಿದ್ದವು. ಡ್ಯಾಂಪರಿನ ರಾಡ್ ಎಣ್ಣೆಯಿಂದ ಒದ್ದೆಯಾಗಿ ಅದಕ್ಕೆ ಧೂಳು ಮೆತ್ತಿಕೊಂಡಿತ್ತು, ಅಂದರೆ ಅದರ ಸೀಲ್ ಆಗಲೇ ಹೋಗಿತ್ತು. ಅವರು ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು; ರಾಡನ್ನು ಎಳೆದಾಗ ಅರ್ಧ ದಾರಿಯವರೆಗೆ ಏನೂ ಬಿಗಿ ಇರಲಿಲ್ಲ. ಅಷ್ಟು ದಿನ ಬೈಕನ್ನು ತಡೆದು ಹಿಡಿದಿದ್ದ ಎಣ್ಣೆ ಸೋರಿದ್ದರಿಂದ, ಒಳಗೆ ಬೆಳೆಯುತ್ತಿದ್ದ ದೋಷ ಒಮ್ಮೆಗೇ ಹೊರಬಿದ್ದಿತ್ತು.

ಆಸ್ಪತ್ರೆಯ ಸ್ಟ್ರೆಚರಿನ ಗಾಲಿ ತಳ್ಳಿದ ದಿಕ್ಕಿಗೆ ತಾನೇ ತಿರುಗಿಕೊಳ್ಳುವುದನ್ನೂ, ಸ್ವಲ್ಪ ಸವೆದಿದ್ದರೆ ಜೋರಾಗಿ ತಳ್ಳಿದಾಗ ಪಟಪಟನೆ ಹೊಯ್ದಾಡುವುದನ್ನೂ ನೋಡಿರುತ್ತೀರಿ. ಬೈಕಿನ ಮುಂದಿನ ಚಕ್ರದ ವಿದ್ಯೆಯೂ ಅದೇ. ಹ್ಯಾಂಡಲ್ ತಿರುಗುವ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಮುಟ್ಟುವ ಜಾಗಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಹಿಂದೆ ಟೈರು ನೆಲವನ್ನು ಮುಟ್ಟುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಇದರಿಂದಾಗಿಯೇ ಚಕ್ರ ಓರೆಯಾದಾಗ ತಾನೇ ನೇರವಾಗುತ್ತದೆ. ಆದರೆ ಓರೆಯಾದ ಟೈರಿನಲ್ಲಿ ಪಕ್ಕದ ಬಲ ಹುಟ್ಟುವುದಕ್ಕೆ ಸ್ವಲ್ಪ ತಡವಾಗುತ್ತದೆ. ಆ ತಡದಿಂದ ಚಕ್ರ ನೇರವಾಗಿ ನಿಲ್ಲದೆ ಆಚೆ ಬದಿಗೆ ದಾಟುತ್ತದೆ, ಅಲ್ಲಿಂದ ಮರಳಿ ಈಚೆಗೆ ಬರುತ್ತದೆ. ಬೇರಿಂಗ್, ಟೈರು, ಹಿಡಿದ ಕೈ, ಇವು ಪ್ರತಿ ಸಲವೂ ಒಂದಿಷ್ಟು ಶಕ್ತಿಯನ್ನು ಹೀರಿದರೆ ಆಟ ಅಡಗುತ್ತದೆ, ಹೀರದಿದ್ದರೆ ಬೆಳೆಯುತ್ತದೆ. ಸೆಕೆಂಡಿಗೆ ಆರರಿಂದ ಹತ್ತು ಸಲ ಹೀಗೆ ಹೊಯ್ದಾಡುವ ಹ್ಯಾಂಡಲನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸುತ್ತೇನೆ ಎಂದುಕೊಂಡರೆ ಅದು ಆಗದ ಮಾತು, ಏಕೆಂದರೆ ನಮ್ಮ ಕೈ ಪ್ರತಿಕ್ರಿಯಿಸುವಷ್ಟರಲ್ಲಿ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗಿರುತ್ತದೆ. ಹೆದರಿ ಬಿಗಿಯಾಗಿ ಹಿಡಿದರೆ ನಮ್ಮ ಮೈಯ ಅಲುಗಾಟವೂ ಹ್ಯಾಂಡಲಿಗೆ ಸೇರುತ್ತದೆ. ಪೂರ್ತಿ ಬಿಟ್ಟರೆ ಕೈ ಹೀರುತ್ತಿದ್ದ ಅಷ್ಟಿಷ್ಟು ಶಕ್ತಿಯೂ ಉಳಿದುಕೊಳ್ಳುತ್ತದೆ. ಆದ್ದರಿಂದ ಹಗುರವಾಗಿ, ಆದರೆ ಬಿಡದೆ ಹಿಡಿದು, ಮೈಭಾರವನ್ನು ಮುಂದಕ್ಕೆ ತಂದು, ಎಕ್ಸಲರೇಟರನ್ನು ಒಮ್ಮೆಗೇ ಮುಚ್ಚದೆ ವೇಗ ಇಳಿಸಬೇಕು. ಮುಂದಿನ ಬ್ರೇಕನ್ನು ಜಗ್ಗಿ ಹಿಡಿದರೆ ಭಾರವೆಲ್ಲ ನಡುಗುತ್ತಿರುವ ಚಕ್ರದ ಮೇಲೆಯೇ ಬೀಳುತ್ತದೆ.

ಡ್ಯಾಂಪರ್ ಮಾಡುವ ಕೆಲಸ ಆ ಶಕ್ತಿಯನ್ನು ಹೀರುವುದು. ಅದರೊಳಗಿನ ಎಣ್ಣೆ ಸಣ್ಣ ರಂಧ್ರದ ಮೂಲಕ ಹಾಯಬೇಕಾದ್ದರಿಂದ, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸುವಾಗ ಅಷ್ಟಾಗಿ ಅಡ್ಡ ಬರುವುದಿಲ್ಲ, ರಭಸದಿಂದ ತಿರುಗಿದಾಗ ಬಲವಾಗಿ ತಡೆಯುತ್ತದೆ. ಹಳೆಯ ಕಾಲದ ಬ್ರಿಟಿಷ್ ಬೈಕುಗಳಲ್ಲಿ, ವಿಶೇಷವಾಗಿ ಸೈಡ್‌ಕಾರ್ ಕಟ್ಟಿದವುಗಳಲ್ಲಿ, ಹ್ಯಾಂಡಲಿನ ನಡುವೆ ಒಂದು ತಿರುಪು ಇರುತ್ತಿತ್ತು. ಅದನ್ನು ಬಿಗಿ ಮಾಡಿದರೆ ಬಿಲ್ಲೆಗಳು ಉಜ್ಜಿ ಹ್ಯಾಂಡಲಿಗೆ ತಡೆ ಬರುತ್ತಿತ್ತು. 1997ರಲ್ಲಿ ಬಂದ ಸುಜುಕಿ ಟಿಎಲ್ 1000 ಎಸ್ ಬೈಕಿನ ಹ್ಯಾಂಡಲ್ ಹೀಗೆ ಬಡಿದುಕೊಳ್ಳುತ್ತದೆ ಎಂಬ ದೂರುಗಳು ಎದ್ದ ಮೇಲೆ ಕಂಪನಿಯೇ ಅದಕ್ಕೆ ಡ್ಯಾಂಪರ್ ಅಳವಡಿಸಿತು. 2004ರ ಹೋಂಡಾ ಸಿಬಿಆರ್ 1000 ಆರ್‌ಆರ್‌ನಲ್ಲಿ ವೇಗವನ್ನು ನೋಡಿಕೊಂಡು ತಾನೇ ಬಿಗಿಯಾಗುವ, ನಿಧಾನಕ್ಕೆ ಓಡುವಾಗ ಸಡಿಲವಾಗಿರುವ ಎಲೆಕ್ಟ್ರಾನಿಕ್ ಡ್ಯಾಂಪರ್ ಬಂತು. ಐಲ್ ಆಫ್ ಮ್ಯಾನ್ ದ್ವೀಪದ ಉಬ್ಬುತಗ್ಗಿನ ರಸ್ತೆಗಳಲ್ಲಿ ರೇಸ್ ಓಡಿಸುವವರು ಡ್ಯಾಂಪರ್ ಇಲ್ಲದೆ ಹೊರಡುವುದಿಲ್ಲ. ಎಲ್ಲ ಸರಿಯಾಗಿರುವ ಬೈಕಿಗೂ ಕೆಟ್ಟ ಜಾಯಿಂಟು, ಅಡ್ಡಗಾಳಿ, ಗುಂಡಿ ಒಟ್ಟಿಗೆ ಎದುರಾಗುವ ಒಂದು ಗಳಿಗೆ ಬರಬಹುದು. ಆ ಗಳಿಗೆಗಾಗಿ ಡ್ಯಾಂಪರ್ ಇರಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಹಾಗೆಂದು ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ತಿಳಿಯಬಾರದು. ಇಂಗ್ಲೆಂಡಿನ ಸಂಶೋಧಕ ರಾಬಿನ್ ಶಾರ್ಪ್ 1971ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಲ್ಲಿ ಬೈಕಿನ ಅಸ್ಥಿರತೆಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ಮುಂದಿನ ಚಕ್ರವಷ್ಟೇ ಬೇಗಬೇಗ ಹೊಯ್ದಾಡುವ ವಾಬಲ್ ಒಂದಾದರೆ, ಇಡೀ ಬೈಕು ಹಾವಿನಂತೆ ನಿಧಾನವಾಗಿ ಹೊರಳಾಡುವ ವೀವ್ ಇನ್ನೊಂದು. ಡ್ಯಾಂಪರ್ ಮೊದಲನೆಯದನ್ನು ಅಡಗಿಸುತ್ತದೆ, ಆದರೆ ಅತಿಯಾದರೆ ಹೆಚ್ಚಿನ ವೇಗದಲ್ಲಿ ಎರಡನೆಯದಕ್ಕೆ ಇಂಬು ಕೊಡುತ್ತದೆ. ಹಿಂದೆ ಭಾರ ಹೇರಿದ ಬೈಕಿಗೆ ವೀವ್ ಮೊದಲೇ ಹತ್ತಿರವಿರುತ್ತದೆ. “ಫುಲ್ ಟೈಟ್ ಮಾಡಿದ್ದೀನಿ ಸಾರ್, ಇನ್ನು ಅಲ್ಲಾಡೋಲ್ಲ” ಎಂದು ಯಾರಾದರೂ ಹೇಳಿದರೆ ಸಡಿಲಿಸಲು ಹೇಳಿ. ತೀರ ಬಿಗಿಯಾದ ಡ್ಯಾಂಪರ್ ನಡೆಯುವ ವೇಗದ ತಿರುವಿನಲ್ಲೂ ಬೈಕನ್ನು ಬೀಳಿಸಬಲ್ಲದು.

ನಡುಕ ಶುರುವಾದರೆ ಮೊದಲು ನೋಡಿಸಬೇಕಾದದ್ದು ಕೋನ್‌ಸೆಟ್. ಚಕ್ರವನ್ನು ಎತ್ತಿ ಹ್ಯಾಂಡಲನ್ನು ಬೆರಳಿನಿಂದ ನೂಕಿದರೆ ಅದು ತನ್ನ ಭಾರಕ್ಕೆ ತಾನೇ ಸರಾಗವಾಗಿ ಎರಡೂ ಕಡೆಗೆ ವಾಲಬೇಕು. ನಟ್ಟನಡುವೆ ಕಚ್ಚಿಕೊಂಡು ನಿಂತರೆ ರೇಸಿನಲ್ಲಿ ಕುಳಿ ಬಿದ್ದಿದೆ ಎಂದರ್ಥ, ಬಿಗಿಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ಹೊಸದು ಹಾಕಿಸಿದವರು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಬೇಕು, ಏಕೆಂದರೆ ರೇಸುಗಳು ತಮ್ಮ ಜಾಗದಲ್ಲಿ ಕೂತು ಸಡಿಲವಾಗುತ್ತವೆ. ಆಮೇಲೆ ಟೈರು. ರಿಮ್ಮಿನ ಅಂಚಿನ ಬಳಿ ಟೈರಿನ ಮೇಲೆ ಒಂದು ಸಣ್ಣ ಗೆರೆ ಓಡುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಒಂದೇ ಅಂತರದಲ್ಲಿರಬೇಕು, ಒಂದು ಕಡೆ ಒಳಗೆ ಹೋಗಿದ್ದರೆ ಟೈರು ಸರಿಯಾಗಿ ಕೂತಿಲ್ಲ. ಗಾಳಿಯ ಒತ್ತಡವನ್ನು ಬೈಕು ತಣ್ಣಗಿರುವಾಗ ನೋಡಬೇಕು. ಚಕ್ರವನ್ನು ತಿರುಗಿಸಿ ಬೆಂಡ್ ಇದೆಯೇ ಎಂದು ನೋಡುವುದನ್ನೂ, ವೀಲ್ ಬೇರಿಂಗನ್ನು ಅಲುಗಿಸಿ ನೋಡುವುದನ್ನೂ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್ಷನ್ನೂ ಬಿಡಬೇಡಿ. ಕಾರಿಗೆ ತಪ್ಪದೆ ಮಾಡಿಸುವ ವೀಲ್ ಬ್ಯಾಲೆನ್ಸಿಂಗನ್ನು ಬೈಕಿಗೆ ಕೇಳುವವರೇ ಕಡಿಮೆ, ಕೇಳಿ ಮಾಡಿಸಿ. ಟಾಪ್ ಬಾಕ್ಸಿನಲ್ಲಿ ಹಗುರವಾದ ಬಟ್ಟೆಬರೆ ಮಾತ್ರ ಇರಲಿ, ಏಕೆಂದರೆ ಹಿಂದಿನ ಚಕ್ರದ ಆಚೆಗೆ ಎತ್ತರದಲ್ಲಿ ಕೂತ ಪ್ರತಿ ಕಿಲೋ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ನೀರು, ಪೆಟ್ರೋಲ್ ಕ್ಯಾನು, ಪಾನೆಗಳು ಕೆಳಗೆ, ನಡುಭಾಗಕ್ಕೆ ಹತ್ತಿರವಿರಲಿ.

ಇಷ್ಟೆಲ್ಲ ಸರಿಯಾಗಿ, ಡ್ಯಾಂಪರ್ ಇಲ್ಲದೆಯೇ ನಡುಕ ನಿಂತಿದೆ ಎಂದು ಖಚಿತವಾದ ಮೇಲೆ ಡ್ಯಾಂಪರ್ ಕೊಳ್ಳಿ. ನಿಮ್ಮ ಬೈಕಿನ ಮಾದರಿಗೇ ಮಾಡಿದ ಬ್ರಾಕೆಟ್ ಇರುವುದನ್ನು, ಸೀಲ್ ಹೋದರೆ ರಿಪೇರಿ ಮಾಡಿಸಬಹುದಾದದ್ದನ್ನು ಆರಿಸಿ. ಅತಿ ಸಡಿಲವಾದ ಸೆಟ್ಟಿಂಗಿನಿಂದ ಶುರುಮಾಡಿ ಒಂದೊಂದೇ ಕ್ಲಿಕ್ ಏರಿಸುತ್ತ ಹೋಗಿ, ಪ್ರತಿ ಸರ್ವಿಸಿನಲ್ಲಿ ರಾಡಿನ ಮೇಲೆ ಎಣ್ಣೆಯ ಪಸೆ ಇದೆಯೇ ಎಂದು ಬೆರಳಾಡಿಸಿ ನೋಡಿ. ಕೂರಿಸಿದ ದಿನ ಗ್ಯಾರೇಜಿನಲ್ಲಿಯೇ ಹ್ಯಾಂಡಲನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ. ಹ್ಯಾಂಡಲ್ ಫ್ರೇಮಿನ ಸ್ಟಾಪರ್‌ಗೆ ತಾಗುವ ಮೊದಲೇ ಡ್ಯಾಂಪರಿನ ರಾಡ್ ತುದಿ ಮುಟ್ಟಿ ನಿಂತರೆ ಬೈಕನ್ನು ಅಲ್ಲಿಂದ ಹೊರಗೆ ತರಬೇಡಿ, ಬಿಚ್ಚಿ ಸರಿಯಾಗಿ ಕೂರಿಸಿಕೊಡಲು ಹೇಳಿ.